ಕಹಿ ಬಂತಾ?

ಆ ಬೆಳಿಗ್ಗೆ ಸಂಘಮಿತ್ರಾ ಕೇಳದೆ ಬಿಟ್ಟದ್ದು ಒಂದೇ ಒಂದು ಪ್ರಶ್ನೆ.

ಹಲಸೂರಿನ ಆ ಆಸ್ಪತ್ರೆಯಲ್ಲಿ ಸಿಬ್ಬಂದಿಯನ್ನು ಸೋಂಕಿನಿಂದ ಕಾಯುವ ಹೊಣೆ ಹೊತ್ತ ನರ್ಸ್ ಅವಳು. ಮೂರನೆಯ ಮಹಡಿಯ ಗಾಜಿನ ಕೋಣೆಯಲ್ಲಿ ರೋಗಿಗೆ ಉಸಿರಾಟದ ಯಂತ್ರ ಹಾಕಿದಾಗ ಸೋಂಕು ಗಾಳಿಗೆ ಹರಡುತ್ತದೆ. ಒಳಗಿದ್ದವರ ಮಾಸ್ಕ್ ಕೂದಲೆಳೆಯಷ್ಟೂ ಸೋರಬಾರದು. ಅದಕ್ಕೊಂದು ಪರೀಕ್ಷೆ ಇತ್ತು. ಮಾಸ್ಕ್ ತೊಟ್ಟವರ ತಲೆಗೆ ಪಾರದರ್ಶಕ ಗವಸು ಇಳಿಸಿ, ಒಳಗೆ ಕಹಿ ದ್ರಾವಣ ಸಿಂಪಡಿಸಬೇಕು. ನಾಲಿಗೆಗೆ ಕಹಿ ತಾಗಿದರೆ ಮಾಸ್ಕ್ ಸೋರುತ್ತಿದೆ ಎಂದರ್ಥ. ಅದಕ್ಕೂ ಮೊದಲು, ಮಾಸ್ಕ್ ಇಲ್ಲದೆಯೇ ಒಮ್ಮೆ ಸಿಂಪಡಿಸಿ, ಕಹಿ ಗೊತ್ತಾಗುತ್ತದೆಯೇ ಎಂದು ಕೇಳಬೇಕು.

ಜಗದೀಶನನ್ನು ಅವಳು ಹಾಗೆ ಕೇಳಲಿಲ್ಲ. ಇಪ್ಪತ್ತು ವರ್ಷ ಪಳಗಿದ ಟೆಕ್ನಿಷಿಯನ್. ಅವಳಿಗೇ ಯಂತ್ರದ ಕೆಲಸ ಕಲಿಸಿದವನು. ನೇರವಾಗಿ ಮಾಸ್ಕ್ ತೊಡಿಸಿ ಸಿಂಪಡಿಸಿದಳು.

“ಕಹಿ ಬಂತಾ ಅಣ್ಣ?”

“ಇಲ್ಲ ಕಣಮ್ಮ. ನೀನಿರೋವಾಗ ಕಹಿ ಎಲ್ಲಿಂದ ಬರುತ್ತೆ?”

ನಗುತ್ತಲೇ ‘ಪಾಸ್’ ಎಂದು ಬರೆದಳು.

ಹನ್ನೊಂದಕ್ಕೆ ಕ್ಯಾಂಟೀನಿನಲ್ಲಿ ಟೀ ಬಾಯಿಗಿಟ್ಟವಳೇ ಥೂ ಎಂದು ಉಗಿದಳು.

“ಅಸ್ಗರ್ ಭಾಯ್, ಸಕ್ಕರೆ ಬದ್ಲು ಉಪ್ಪು ಹಾಕ್ಬಿಟ್ಟಿದ್ದೀರಲ್ರೀ!”

ಕ್ಯಾಂಟೀನಿನ ಅಸ್ಗರ್ ಡಬ್ಬಿಯಿಂದ ಚಿಟಿಕೆ ನೆಕ್ಕಿ ಮುಖ ಕಿವುಚಿದ. “ಯಾ ಅಲ್ಲಾ! ಹತ್ತು ನಿಮಿಷದ ಹಿಂದೆ ಜಗದೀಶ್ ಸಾರ್ ಫುಲ್ ಲೋಟ ಕುಡಿದ್ರಲ್ಲ ಸಿಸ್ಟರ್! ‘ಸೂಪರ್ ಗುರು’ ಅಂದ್ರು!”

ಸಂಘಮಿತ್ರಾ ಲೋಟ ಕುಕ್ಕಿದಳು. “ಈಗೆಲ್ಲಿ ಅವ್ರು?”

“ಮೂರ್ನೇ ಫ್ಲೋರು. ಫ್ಲೂ ಬಂದಿರೋ ಅಜ್ಜಿಗೆ ಮಷೀನ್ ಹಾಕ್ಬೇಕಂತೆ.”

ಲಿಫ್ಟು ಐದನೆಯ ಮಹಡಿಯಲ್ಲಿ ಕೂತಿತ್ತು. ಅವಳು ಎರಡೆರಡು ಮೆಟ್ಟಿಲು ಹಾರಿ ಓಡಿದಳು.

ಜಗದೀಶನ ಕೈ ಆಗಲೇ ಗಾಜಿನ ಬಾಗಿಲ ಹಿಡಿಯ ಮೇಲಿತ್ತು. ಒಳಗೆ ಬೈರಮ್ಮಜ್ಜಿ ಒಂದೊಂದು ಉಸಿರಿಗೂ ತಿಣುಕುತ್ತಿದ್ದಳು.

“ಅಣ್ಣ! ಟೀ ಹೇಗಿತ್ತು?”

“ಈಗ್ ಕೇಳೋ ಮಾತಾ ಇದು? ಚೆನ್ನಾಗಿತ್ತು. ಸಕ್ಕರೆ ಒಂಚೂರು ಜಾಸ್ತಿ.”

“ಅದ್ರಲ್ಲಿ ಸಕ್ಕರೇನೇ ಇರ್ಲಿಲ್ಲ. ಉಪ್ಪಿತ್ತು.”

ಹಿಡಿಯ ಮೇಲಿನ ಕೈ ಜಾರಿತು. ಅವನ ಕನ್ನಡಕದ ಕೆಳಗಿನ ಅಂಚು ಆವಿಯಿಂದ ಮಬ್ಬಾಗಿರುವುದನ್ನು ಅವಳು ಆಗ ಕಂಡಳು. ಮೂಗಿನ ಬಳಿ ಮಾಸ್ಕ್ ಸೋರುತ್ತಿತ್ತು.

“ಕೋವಿಡ್ ಬಂದಾಗ್ಲೇ ರುಚಿ ಹೋಯ್ತು ಕಣಮ್ಮ,” ಎಂದ ಮೆಲ್ಲಗೆ. “ಹೇಳಿದ್ರೆ ಸ್ಟೋರ್ ರೂಮಿಗೆ ಹಾಕ್ಬಿಡ್ತಾರೆ ಅಂತ…”

“ಕೇಳ್ದೇ ಬಿಟ್ಟಿದ್ದು ನಂದೂ ತಪ್ಪೇ. ಪಕ್ಕಕ್ಕೆ ಸರೀರಿ, ಒಳಗೆ ನಾನು ಹೋಗ್ತೀನಿ. ನೀವು ಇಲ್ಲಿಂದ ಹೇಳಿ.”

ಗೌನು, ಪರೀಕ್ಷೆಯಲ್ಲಿ ಗೆದ್ದಿದ್ದ ತನ್ನ ಮಾಸ್ಕು ತೊಟ್ಟು ಒಳಹೊಕ್ಕಳು. ಗೋಡೆಯ ಸ್ಪೀಕರಿನಲ್ಲಿ ಜಗದೀಶ ಗುಡುಗಿದ: “ಗಾಳಿ ಬಿಡ್ಬೇಡ! ಮೊದ್ಲು ಅಜ್ಜಿಗೆ ಮಷೀನಿನ ಮಾಸ್ಕ್ ಕಟ್ಟು. ಎಡಗಡೆ ಪಟ್ಟಿ ಸಡಿಲ ಇದೆ, ಕಣ್ಣಿಲ್ವಾ? ಬಿಗಿ ಮಾಡು. ಹಾಂ… ಈಗ ಆನ್ ಮಾಡು.”

ಯಂತ್ರ ಉಸ್ಸೆಂದಿತು. ಅಜ್ಜಿಯ ಮುಷ್ಟಿ ಅವಳ ಬೆರಳುಗಳನ್ನು ಹಿಂಡಿತು. ಸ್ವಲ್ಪ ಹೊತ್ತಿಗೆ ತಾನಾಗಿಯೇ ಸಡಿಲವಾಯಿತು. ಎದೆಯ ಏರಿಳಿತ ನಿಧಾನವಾಗುತ್ತ ಬಂತು.

ಹೊರಬಂದವಳು ರಿಜಿಸ್ಟರಿನಲ್ಲಿ ‘ಪಾಸ್’ ಹೊಡೆದು ಹಾಕಿ, ‘ಮೊದಲ ಪ್ರಶ್ನೆ ಕೇಳಿರಲಿಲ್ಲ’ ಎಂದು ಬರೆದು ತನ್ನ ಸಹಿ ಹಾಕಿದಳು. ಜಗದೀಶ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ.

“ಸ್ಟೋರ್ ರೂಮೇ ಗತಿನಾ?”

“ನಾಲಿಗೆ ಬೇಕಿಲ್ದೇ ಇರೋ ಟೆಸ್ಟೂ ಇದೆ ಅಣ್ಣ, ಸೋರೋದನ್ನ ಮಷೀನೇ ಅಳೆಯುತ್ತೆ. ಅದನ್ನ ತರಿಸೋಕೆ ಇವತ್ತೇ ಬರೀತೀನಿ. ಅಲ್ಲೀವರ್ಗೂ ಗಾಜಿನ ಈಚೆ ನಿಂತು ನಮ್ಮನ್ನ ಬಯ್ತಾ ಇರಿ.”

ಅವನು ಕನ್ನಡಕ ಒರೆಸಿಕೊಂಡ.

“ಬಯ್ಯೋಕೇನು, ನಾಲಿಗೆ ಚೆನ್ನಾಗೇ ಇದೆ.”