ಅಮಾವಾಸ್ಯೆಯ ಸರದಿ

ಸದ್ದು ಬದಲಾಗಿದೆ, ಮೊನ್ನೆಯವರೆಗೆ ಟೊಕ್ ಟೊಕ್ ಅನ್ನುತ್ತಿದ್ದದ್ದು ಈಗ ದೊಪ್ ದೊಪ್ — ನೆನೆದ ಮಣ್ಣಿನ ಗೋಡೆಗೆ ಗಂಟಲೂ ಕಟ್ಟುತ್ತದೆ, ಅಕ್ಕಿ ಆರಿಸುತ್ತಿದ್ದ ಮಾಸ್ತಮ್ಮ ತಲೆ ಎತ್ತಲಿಲ್ಲ, ಬಡಿಯಲಿ, ಗೋಡೆಯಾಚೆ, ಅದಕ್ಕೇ ಒತ್ತಿದ ಜಗಲಿಯಲ್ಲಿ ಬಿದ್ದಿರುವ ಅತ್ತೆಗೆ ಬೆರಳು ಮಡಚಿ ಬಡಿಯುವುದು ಬಿಟ್ಟರೆ ಇನ್ನೇನು ಉಳಿದಿದೆ, ಮಾಸ್ತೀ, ಒಂದು ಹೋಳು ಅಡಕೆ ಕೊಡೇ — ಅಡಕೆಯಂತೆ, ಹಲ್ಲಿಲ್ಲದ ಬಾಯಿಗೆ, ಕೇಳಲಿ ಮುದ್ದಿನ ಕಿರಿಸೊಸೆಯನ್ನು, ಅತ್ತೆಯನ್ನು ನೋಡಿಕೊಳ್ಳುವ ಸರದಿ ಈ ತಿಂಗಳು ಕೆರಿಯಮ್ಮನದು, ಮಾಸ್ತಮ್ಮನದು ಅಮಾವಾಸ್ಯೆಯಿಂದ, ಒಂದು ದಿನ ಮೊದಲೂ ಇಲ್ಲ, ಮನೆ ಹಿಸ್ಸೆಯಾದ ದಿನ ನಡುಮನೆಗೆ ಅಡ್ಡ ಈ ಗೋಡೆ ಎಬ್ಬಿಸಿದ್ದು, ಪಂಚರ ಮುಂದೆ ಕೂತು ಇದೇ ಅತ್ತೆ ಏನಂದಿದ್ದಳು, ಹಿತ್ಲು ಕಿರಿಯವ್ನಿಗೆ ಇರ್ಲಿ, ಮಕ್ಳು ಆಡೋಕೆ ಬೇಕು, ಮಾಸ್ತಿಗೆ ಎಂತಕ್ಕೆ ಹಿತ್ಲು, ಅವ್ಳ ಮನೇಲಿ ಆಡೋರು ಯಾರಿದಾರೆ — ಪಂಚರು ನಕ್ಕರು, ಗಂಡ ಹೂವಪ್ಪ ವೀಳ್ಯದೆಲೆಯ ತೊಟ್ಟು ಮುರಿಯುತ್ತ ಕೂತಿದ್ದ, ಹಿತ್ತಿಲು ಅವರಿಗೆ, ಹಿತ್ತಿಲ ನೀರು ಹರಿದುಹೋಗುವ ಚರಂಡಿ ಇವಳಿಗೆ, ಆಗಲಿ, ನನ್ನ ಪಾಲಿನ ಚರಂಡಿ, ಹರಿಸುವವಳೂ ನಾನೇ ನಿಲ್ಲಿಸುವವಳೂ ನಾನೇ, ಮೊನ್ನೆ ಈ ಜಡಿಮಳೆಯಲ್ಲಿ ತೆಂಗಿನ ಸಿಪ್ಪೆಗೆ ಹಳೇ ಕಂಬಳಿ ಸುತ್ತಿ ಅದರ ಬಾಯಿಗೆ ತುರುಕಿದಾಗ ಎಂಥ ಸುಖ, ಅತ್ತೆಗೊಂದು ಕಾಲ ಸೊಸೆಗೊಂದು ಕಾಲ, ಶರಾವತಿಗೆ ಕಟ್ಟೆ ಕಟ್ಟಿ ಊರಿಗೂರೇ ಮುಳುಗಿಸಿದ ಸರ್ಕಾರವನ್ನು ಯಾರೂ ಕೇಳಲಿಲ್ಲ, ಅವಳು ಮುಚ್ಚಿದ್ದು ಒಂದು ಗೇಣು ಚರಂಡಿ. ಬೆಳಿಗ್ಗೆ ಕೆರಿಯಮ್ಮ ಸೀರೆ ಎತ್ತಿ ಕಟ್ಟಿಕೊಂಡು ಬಂದಿದ್ದಳು, ಅಕ್ಕಾ, ನಿನ್ ಬದಿ ಚರಂಡಿ ಕಟ್ಕಂಡಿದ್ಯಾ ನೋಡೇ, ಹಿತ್ಲಲ್ಲಿ ಮೊಣಕಾಲುದ್ದ ನೀರು, ಒಳಗೆಲ್ಲ ಒಸರ್ತಿದೆ, ಜಗಲಿ ಬಿಟ್ರೆ ಒಣಗಿದ ಜಾಗ ಇಲ್ಲ, ಗೋಡೆ ನೋಡಿದ್ರೆ ಹೆದ್ರಿಕೆ ಆಗ್ತದೆ, ಅತ್ತೇನ ಎರಡು ದಿನ ಮುಂಚೆ ಕರ್ಕಳೇ — ಸರದಿ ಅಮಾಸೆಗೆ ಕಣೇ, ಪಂಚ್ರು ಹೇಳಿದ್ದು, ಈಗ ಆಡ್ಲಿ ನಿನ್ ಮಕ್ಳು ನೀರಲ್ಲಿ.

ದೊಪ್ ದೊಪ್, ತೇವ ಈಚೆಗೂ ಬಂದಿದೆ, ನಿನ್ನೆ ಗೋಡೆಯ ಬುಡದಲ್ಲಿದ್ದ ಕಪ್ಪು ಈಗ ಮಲಗಿದವರ ತಲೆಯ ಮಟ್ಟಕ್ಕೆ ಏರಿದೆ, ಮಾಸ್ತಮ್ಮನಿಗೆ ಗೊತ್ತು, ತವರಲ್ಲಿ ಇಂಥದೇ ಗೋಡೆ ಕೂತುಹೋಗಿ ಎರಡು ಎಮ್ಮೆ ಸತ್ತಿದ್ದವು, ಮೊರ ಕೆಳಗಿಟ್ಟಳು, ಸಾಕು, ಮುದುಕಿ ಸಾಯಲಿ ಎಂದು ಮಾಡಿದ್ದಲ್ಲವಲ್ಲ, ನಾಲ್ಕು ದಿನ ಕೊಳೆನೀರಲ್ಲಿ ಒದ್ದಾಡಲಿ ಎಂದಷ್ಟೇ, ಹಿಂಬಾಗಿಲಾಚೆ ಗೋಡೆಯ ಬುಡದಲ್ಲಿ ಕೂತು ಕಂಬಳಿಯ ತುದಿ ಹಿಡಿದಳು, ಒಂದು ಸಲ ಎಳೆದರೆ ಮುಗಿಯಿತು — ದೊಪ್ ದೊಪ್, ಮಾಸ್ತೀ, ಏ ಗೊಡ್ಡು, ಹೊಟ್ಟೆ ಬರಡು ಅಂದ್ರೆ ಕಿವೀನೂ ಬರಡಾಯ್ತೇನೆ — ಕೈ ಬಿಟ್ಟಿತು, ಎದ್ದಳು, ಕಂಬಳಿಯನ್ನು ಹಿಮ್ಮಡಿಯಿಂದ ಇನ್ನೂ ಒಳಕ್ಕೆ ತುಳಿದಳು, ಒಳಗೆ ಬಂದು ಮತ್ತೆ ಮೊರ ಹಿಡಿದಳು, ಒಂದು ಕಲ್ಲು, ಒಂದು ನೆಲ್ಲು, ಒಂದು ಕಲ್ಲು, ಅಷ್ಟರಲ್ಲಿ ಗೋಡೆ ಕೂತಿತು, ದೊಡ್ಡ ಸದ್ದೇನೂ ಇಲ್ಲ, ದಣಿದವರು ಕೂತ ಹಾಗೆ ಆಚೆ ಬದಿಗೆ, ಒಮ್ಮೆಲೇ ಬೆಳಕು, ಹಿಸ್ಸೆಯಾದ ಮೇಲೆ ಇದೇ ಮೊದಲು ಈ ಮನೆಗೆ ಹಿತ್ತಿಲ ಬೆಳಕು, ಕೆರಿಯಮ್ಮನ ಕೂಗು, ಕೆರಿಯಮ್ಮನ ಗಂಡ ಜಯಪ್ಪ ಗುದ್ದಲಿ ಎಸೆದು ಬರಿಗೈಯಲ್ಲಿ ಮಣ್ಣು ಬಗೆಯುತ್ತಿದ್ದಾನೆ, ಹೂವಪ್ಪ ಓಡಿ ಬಂದು ಅವ್ವಾ ಎನ್ನುತ್ತ ಅದರಲ್ಲೇ ಬಿದ್ದ, ಎಲ್ಲರ ಕಣ್ಣೂ ಆ ಕಡೆ, ಮಾಸ್ತಮ್ಮ ಹಿಂದೆ ಹೋಗಿ ಎಳೆದಳು, ಬಂತು, ಎಷ್ಟು ಸಲೀಸಾಗಿ ಬಂತು, ನೀರು ಗುಳುಗುಳು ಎಂದು ಓಡಿತು, ಕಂಬಳಿ ಸೌದೆಯ ಹಿಂದೆ ಸೇರಿತು, ನೀರು ಇಳೀತಿದೆ, ದೇವ್ರು ಕಣ್ಣು ಬಿಟ್ಟ ಎಂದು ಹೂವಪ್ಪ ಅಳುತ್ತಿದ್ದಾನೆ, ಹೌದು ಹೌದು, ಅಳಬೇಕು, ಅವಳೂ ಅಳಬೇಕು, ಹಿರಿಸೊಸೆ, ಸೆರಗು ಬಾಯಿಗಿಟ್ಟು ಮುಂದೆ ಬಂದಳು, ಹೆಂಟೆ ಸರಿಸಿದಲ್ಲಿ ಒಂದು ಕೈ, ಮಣ್ಣಾದ ಮುಂಗೈ, ತೋರುಬೆರಳು ಚಾಚಿಲ್ಲ, ಗೆಣ್ಣಿನಲ್ಲಿ ಮಡಚಿದೆ, ಅವಳ ಮನೆಯ ಕಡೆಗೆ, ಬಡಿಯಲು ಈಗ ಗೋಡೆ ಇಲ್ಲ, ಆದರೂ ಮಡಚಿಯೇ ಇದೆ, ಆ ಬೆರಳು, ಅವಳ ಕಡೆಗೆ, ಮಡಚಿಯೇ —