ಓದದೆ ಹೊಗಳಿದವರು

ಪಾನ್ಯಾಂಗ್ ಒಣಮೀನು ಕರಿಯುತ್ತಿದ್ದಾಗ ಫ್ರಿಜ್ಜಿನ ಮೇಲಿದ್ದ ಫೋನು ಟಿಣ್ ಎಂದಿತು. ಅಂಗಿಯ ತುದಿಗೆ ಕೈ ಒರೆಸಿಕೊಂಡು ಅದನ್ನು ಬಲಗಣ್ಣಿನ ಹತ್ತಿರ ಹಿಡಿದಳು. ಎರಡು ಸಾಲು ಓದುವಷ್ಟರಲ್ಲೇ ಮುಖ ಕೆಂಪೇರಿತು.

"ಬಂದ್ರು ನೋಡು, ಬೆಳಗಾಗೋದೇ ಕಾಯ್ತಿದ್ರು! ಲಂಡನ್ನಿನ ದೊಡ್ಡ ಕಂಪನಿಯಂತೆ. ನನ್ನ ಪುಸ್ತಕ ಓದಿ ಕಣ್ಣೀರು ಹಾಕಿದ್ರಂತೆ. ಹಾಕಿಸ್ತೀನಿ ಇರು ಕಣ್ಣೀರು!"

"ಯಾರು ತಿಯಾ?" ಎಂದಳು ಮೇಜಿನ ಮುಂದೆ ಬೆಳ್ಳುಳ್ಳಿ ಅನ್ನ ಬಡಿಸಿಕೊಳ್ಳುತ್ತಿದ್ದ ವೆಂಗ್. ಅವಳು ಪಾನ್ಯಾಂಗಳ ತಂಗಿಯ ಮಗಳು, ದೊಡ್ಡಮ್ಮನನ್ನು ಕರೆಯುವುದು ತಿಯಾ ಎಂದು. ತಾಯಿ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದುದರಿಂದ ಅವಳೂ ಅವಳ ತಮ್ಮನೂ ಬೆಳೆದದ್ದು ಇಲೊಯಿಲೊ ಪಟ್ಟಣದ ಈ ಮನೆಯಲ್ಲೇ. ಈಗ ಸೆಬು ನಗರದಲ್ಲಿ ಕೆಲಸ. ರಜೆ ಸಿಕ್ಕಿತೆಂದು ಹಿಂದಿನ ಸಂಜೆಯಷ್ಟೇ ಬಂದಿದ್ದಳು.

ಪಾನ್ಯಾಂಗ್ ಎದುರಿನ ಗಿಮಾರಾಸ್ ದ್ವೀಪದಲ್ಲಿ ಬಹಳ ಕಾಲ ಹೆರಿಗೆ ಮಾಡಿಸುವ ದಾದಿಯಾಗಿದ್ದವಳು. ಕಷ್ಟದ ಹೆರಿಗೆಯಾದರೆ ಹೆಂಗಸರನ್ನು ದೋಣಿಯಲ್ಲಿ ಮಲಗಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಬರಬೇಕಿತ್ತು. ಎಷ್ಟೋ ಮಕ್ಕಳು ನಡುನೀರಿನಲ್ಲೇ ಹುಟ್ಟಿದವು. ಕೆಲವು ದಡ ಕಾಣಲಿಲ್ಲ. ನಿವೃತ್ತಿಯಾದ ಮೇಲೆ ಅವನ್ನೆಲ್ಲ ಬರೆದು, 'ದೋಣಿಯಲ್ಲಿ ಹುಟ್ಟಿದವರು' ಎಂದು ಹೆಸರಿಟ್ಟು, ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ್ದಳು. ಆನ್‌ಲೈನ್ ಅಂಗಡಿಗೂ ಹಾಕಿದ್ದಳು. ನೆಂಟರು ಪುಕ್ಕಟೆ ಪ್ರತಿ ಪಡೆದು, ಬೆನ್ನು ತಟ್ಟಿ, ಮನೆಯ ಗಾಜಿನ ಬೀರುವಿನಲ್ಲಿಟ್ಟು ಮರೆತಿದ್ದರು.

"ಇವತ್ತೂ ಬೈದು ಬರೀತೀನಿ. ಮಂಗಳವಾರ ಒಬ್ಬಳಿಗೆ ಬರೆದ್ನಲ್ಲ, ಹಾಗೆ. ನರ್ಸಿಂಗ್ ಕಾಲೇಜಂತೆ! ನನ್ನ ಎರಡು ಅಧ್ಯಾಯ ಪಾಠಕ್ಕೆ ಬೇಕಂತೆ! ಹಡಗಿನ ಇಲಿ ಅಂದೆ ಅವಳನ್ನ."

"ಎಲ್ಲಿ, ತೋರ್ಸಿ." ವೆಂಗ್ ಫೋನು ತೆಗೆದುಕೊಂಡು ಎರಡು ಪತ್ರಗಳನ್ನೂ ಓದಿದಳು. ಊಟದ ಚಮಚದಿಂದಲೇ ತೋರಿಸುತ್ತಾ ಹೇಳಿದಳು: "ಲಂಡನ್ದು ಸುಳ್ಳು. ಅಷ್ಟು ದೊಡ್ಡ ಕಂಪನಿಗೆ ಅದರದ್ದೇ ಹೆಸರಿನ ವಿಳಾಸ ಇರ್ಬೇಕಲ್ಲ? ಇದು ಯಾರು ಬೇಕಾದ್ರೂ ಪುಕ್ಕಟೆ ಮಾಡ್ಕೊಳ್ಳೋ ಇಮೇಲು. ಪುಸ್ತಕದ ಹೆಸರು ಬಿಟ್ರೆ ಒಳಗಿನ ಒಂದು ಹೆಂಗಸಿನ ಹೆಸರೂ ಇಲ್ಲ. ನಾಳೆ ಒಳಗೆ ಒಪ್ಕೊಳ್ಳಿ ಅಂತ ಅವಸರ ಬೇರೆ. ಆದ್ರೆ ತಿಯಾ, ಈ ಕಾಲೇಜಿನದ್ದು ನಿಜ ಇದ್ದಂಗಿದೆ. ಕಾಲೇಜಿನ ವಿಳಾಸದಿಂದ್ಲೇ ಬಂದಿದೆ. ಯಾವ ಅಧ್ಯಾಯ, ಯಾಕೆ ಬೇಕು, ಎಲ್ಲಾ ಬರ್ದಿದಾರೆ. ದುಡ್ಡು ಕೇಳಿಲ್ಲ, ಅವರೇ ಗೌರವಧನ ಕೊಡ್ತಾರಂತೆ. ಕಚೇರಿ ನಂಬರೂ ಇದೆ. ನಾವು ಯಾವತ್ತೂ ಕಚೇರಿ ನಂಬರ್ ಹಾಕಲ್ಲ..."

ಮಾತು ಅಲ್ಲೇ ನಿಂತಿತು.

ಬಾಣಲೆಯಲ್ಲಿ ಮೀನು ಕಪ್ಪಾಗುತ್ತಿತ್ತು. ಪಾನ್ಯಾಂಗ್ ತಿರುಗಿ ನೋಡಲಿಲ್ಲ.

"ನಾವು ಅಂದ್ರೆ ಯಾರು?"

"ಸುಮ್ನೆ ಬಾಯಿಗೆ ಬಂತು ತಿಯಾ."

"ಪುಸ್ತಕದ ಕಂಪನಿಯಲ್ಲಿ ಗ್ರಾಹಕರ ಜೊತೆ ಮಾತಾಡೋ ಕೆಲಸ ಅಂದಿದ್ದೆ ನೀನು. ನಾವು ಅಂದ್ರೆ ಯಾರು ವೆಂಗ್?"

ವೆಂಗ್ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾನು ಯಾರ ಮನೆಗೂ ಕನ್ನ ಹಾಕಿಲ್ಲ. ಫೋನ್ ಮಾಡೋದಷ್ಟೇ ನನ್ನ ಕೆಲಸ. ಅಮೆರಿಕಾದಲ್ಲಿ ಪುಸ್ತಕ ಬರ್ದಿರೋ ಮುದುಕರಿಗೆ. ನಿಮ್ಮ ಪುಸ್ತಕ ಸಿನಿಮಾ ಆಗತ್ತೆ, ದೊಡ್ಡೋರು ಮೆಚ್ಚಿದಾರೆ ಅಂತ ಹೇಳೋದು. ಅವರಿಗೇನು, ಮನೆ ಇದೆ, ಪಿಂಚಣಿ ಇದೆ. ಮಕ್ಕಳು ಮಾತಾಡ್ಸಲ್ಲ, ನಾನು ಗಂಟೆಗಟ್ಲೆ ಮಾತಾಡ್ತೀನಿ. ಖುಷಿ ಪಡ್ತಾರೆ ಗೊತ್ತಾ?"

"ಖುಷಿ ಪಡ್ತಾರಾ!"

"ಹೌದು! ತಮ್ಮನ ಕಾಲೇಜಿಗೆ ಕಟ್ಟಿದ್ದು ಯಾರು? ಈ ಫ್ರಿಜ್ ತಂದಿದ್ದು ಯಾರು? ಆಗ ಎಲ್ಲಿಂದ ಬಂತು ಅಂತ ಕೇಳಿದ್ರಾ ನೀವು?"

ಆ ಮಾತು ನಾಟಿತು. ಪಾನ್ಯಾಂಗ್ ಕೇಳಿರಲಿಲ್ಲ ನಿಜ. ಫ್ರಿಜ್ ಬಂದ ದಿನ ಅಕ್ಕಪಕ್ಕದವರನ್ನು ಕರೆದು ತಣ್ಣನೆಯ ಮಾವಿನ ರಸ ಕೊಟ್ಟು ಮೆರೆದಿದ್ದಳು. ಆದರೆ ನಾಚಿಕೆ ಅವಳ ಸಿಟ್ಟನ್ನು ಇಳಿಸಲಿಲ್ಲ, ಇನ್ನಷ್ಟು ಏರಿಸಿತು. ಸುಡುತ್ತಿದ್ದ ಬಾಣಲೆಯನ್ನು ಎತ್ತಿ ಪಾತ್ರೆ ತೊಳೆಯುವ ತೊಟ್ಟಿಗೆ ಕುಕ್ಕಿದಳು. ಚೊಂಯ್ ಎಂದು ಹೊಗೆಯೆದ್ದಿತು.

"ನನಗೂ ಪಿಂಚಣಿ ಇದೆ ಕಣೇ. ನನ್ನನ್ನೂ ಯಾರೂ ಮಾತಾಡಿಸ್ತಿರಲಿಲ್ಲ. ಹೋದ ವರ್ಷ ಒಬ್ಬಳು ಮಾತಾಡಿಸಿದ್ಲು. ರೈಲಿನಲ್ಲಿ ನಿಮ್ಮ ಪುಸ್ತಕ ಓದ್ತಾ ಅತ್ತುಬಿಟ್ಟೆ ಅಂದ್ಲು. ಹಕ್ಕು ನೋಂದಣಿಗೆ ಅಂತ ದುಡ್ಡು ಕಳಿಸಿದೆ. ಆಮೇಲೆ ವಕೀಲರಿಗೆ. ಆಮೇಲೆ ಕರಾರು ಪತ್ರ ಕಳಿಸೋದಕ್ಕೆ. ನನ್ನ ಎಡಗಣ್ಣಿನ ಪೊರೆ ತೆಗಿಸೋಕೆ ಇಟ್ಟಿದ್ದೆಲ್ಲಾ ಹೋಯ್ತು. ಡಾಕ್ಟ್ರು ಕಾಯಿರಿ ಅಂದಿದಾರೆ ಅಂತ ನಿಂಗೆ ಸುಳ್ಳು ಹೇಳಿದೆ, ಮಾನಕ್ಕಂಜಿ!"

ವೆಂಗ್ ಬಿಳಿಚಿಕೊಂಡಳು. "ಕಂಪನಿ ಹೆಸರೇನು ತಿಯಾ?"

"ಕ್ವಿಲ್‌ಹರ್ಸ್ಟ್ ಹೌಸ್."

"ಅದು ನಮ್ಮ ಆಫೀಸೇ," ಎಂದಳು ವೆಂಗ್. "ಹೆಸರು ಬದಲಾಯಿಸ್ತಾ ಇರ್ತಾರೆ. ನನ್ನಾಣೆ, ನಂಗೆ ಗೊತ್ತಿರಲಿಲ್ಲ. ಇಲ್ಲಿಯೋರಿಗೆ ಮಾಡಲ್ಲ ಅಂದ್ಕೊಂಡಿದ್ದೆ."

"ಇಲ್ಲಿಯೋರಿಗೆ ಮಾಡಿದ್ರೆ ಪಾಪ, ಅಲ್ಲಿಯೋರಿಗೆ ಮಾಡಿದ್ರೆ ಸಂಬಳ. ಅಲ್ವಾ?"

ವೆಂಗ್ ಅಳತೊಡಗಿದಳು. ಪಾನ್ಯಾಂಗ್ ಹತ್ತಿರ ಹೋಗಲಿಲ್ಲ. ನಿಂತಲ್ಲಿಂದಲೇ ಬಿರುಸಾಗಿ ಹೇಳಿದಳು: "ಮೂಗು ಒರೆಸ್ಕೊ. ಆ ಕಾಲೇಜಿಗೆ ಫೋನ್ ಹಚ್ಚು."

"ಪತ್ರದಲ್ಲಿರೋ ನಂಬರಿಗೆ ಬೇಡ," ಎಂದಳು ವೆಂಗ್ ಬಿಕ್ಕುತ್ತಲೇ. "ಅದನ್ನೂ ಸುಳ್ಳು ಹಾಕಬಹುದು. ಕಾಲೇಜಿನ ನಂಬರ್ ನಾವೇ ಬೇರೆ ಕಡೆ ಹುಡುಕ್ಬೇಕು." ಹುಡುಕಿ ಹಚ್ಚಿಕೊಟ್ಟಳು.

ಪತ್ರ ಬರೆದಿದ್ದ ಮಿಸ್ ಪಲ್ಮಾರೆಸ್ ಎಂಬಾಕೆ ಕಾಲೇಜಿನ ಗ್ರಂಥಾಲಯದಲ್ಲಿ ನಿಜವಾಗಿಯೂ ಇದ್ದಳು. "ಓ! ಹಡಗಿನ ಇಲಿ ಅಂದಿದ್ದು ನೀವೇನಾ ಮೇಡಂ?" ಎಂದು ನಕ್ಕಳು. "ಪರವಾಗಿಲ್ಲ ಬಿಡಿ. ಆ ಕುಳ್ಳಿ ಹೆಂಗಸು, ದೋಣಿಯ ಹುಟ್ಟು ಕಚ್ಚಿಕೊಂಡು ಹೆತ್ತಳಲ್ಲ, ಅವಳ ಮಗು ಉಳೀತಾ? ನೀವು ಬರ್ದೇ ಇಲ್ಲ. ನಮ್ಮ ಹುಡುಗೀರು ದಿನಾ ಕೇಳ್ತಾರೆ."

"ಉಳೀತು," ಎಂದಳು ಪಾನ್ಯಾಂಗ್. "ಈಗ ಅವನೇ ದೋಣಿ ನಡೆಸ್ತಾನೆ."

ಕ್ಷಮೆ ಕೇಳಿ ಫೋನು ಇಟ್ಟಾಗ ಅವಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಪುಸ್ತಕವನ್ನು ಓದಿದವಳೊಬ್ಬಳು ಇಷ್ಟು ಕಾಲಕ್ಕೆ ಸಿಕ್ಕಿದ್ದಳು, ಅವಳನ್ನೇ ತಾನು ಬಾಯಿಗೆ ಬಂದಂತೆ ಬೈದಿದ್ದಳು. ಹಣ ಹೋದದ್ದಕ್ಕಿಂತ ಇದೇ ಹೆಚ್ಚು ಉರಿಯಿತು.

"ಮುಂದಿನ ವಾರ ಯಾರು ದುಡ್ಡು ಹಾಕ್ಬೇಕು?" ಎಂದಳು.

"ಏನು?"

"ನೀನು ಮಾತಾಡಿರೋ ಮುದುಕರಲ್ಲಿ. ಯಾರು ಹಾಕೋರಿದಾರೆ?"

"ತಿಯಾ, ಕೆಲಸ ಹೋಗತ್ತೆ. ತಮ್ಮಂದು ಇನ್ನೂ ಒಂದು ವರ್ಷ ಇದೆ."

"ಫ್ರಿಜ್ ಮಾರ್ತೀನಿ. ನಾನು ಮತ್ತೆ ಹೆರಿಗೆ ಮಾಡಿಸೋಕೆ ಹೋಗ್ತೀನಿ. ಹಚ್ಚು."

ವೆಂಗ್ ಸ್ಪೀಕರ್ ಹಾಕಿ ಒಬ್ಬನಿಗೆ ಫೋನ್ ಹಚ್ಚಿದಳು. ಅಮೆರಿಕಾದ ಓಹಾಯೊದ ಹ್ಯಾರ್ಲನ್ ಪ್ರುವಿಟ್ ಗಣಿಯಲ್ಲಿ ದುಡಿದು ನಿವೃತ್ತನಾದವನು, ಗಣಿಯೂರಿನ ಕತೆ ಬರೆದವನು. ಅಲ್ಲಿ ಆಗ ಸಂಜೆ. ವೆಂಗಳ ದನಿ ಕೇಳಿ ಹಿಗ್ಗಿದ. ಅವಳು ತಡವರಿಸುತ್ತಾ ವಿಷಯ ಹೇಳಿದಾಗ ಮಾತ್ರ ಅವನ ದನಿ ಬಿರುಸಾಯಿತು. "ಯಾರಮ್ಮಾ ನೀನು? ನನ್ನ ಏಜೆಂಟಿನ ಹೆಸರಿನಲ್ಲಿ ಮಾತಾಡ್ತಿರೋ ಮೋಸಗಾತಿ ಅಲ್ವಾ? ನನ್ನ ಸಿನಿಮಾ ತಪ್ಪಿಸಬೇಕು ಅಂತ ಮಾಡಿದೀಯಾ?"

ವೆಂಗ್ ದಿಕ್ಕು ತೋಚದೆ ನೋಡಿದಳು. ಪಾನ್ಯಾಂಗ್ ಫೋನು ಕಿತ್ತುಕೊಂಡಳು.

"ಮಿಸ್ಟರ್ ಪ್ರುವಿಟ್, ನಾನೂ ಪುಸ್ತಕ ಬರೆದೋಳು. ಇವರಿಗೆ ನಾನೂ ದುಡ್ಡು ಕಳಿಸಿದೀನಿ. ಸಿನಿಮಾ ಇಲ್ಲ. ಯಾರೂ ಇಲ್ಲ. ಇವಳು ನನ್ನ ಕೈಯಲ್ಲೇ ಬೆಳೆದೋಳು, ಅದಕ್ಕೇ ಇವತ್ತು ನಿಜ ಹೇಳ್ತಿದಾಳೆ. ನಮ್ಮನ್ನೂ ನಂಬಬೇಡಿ. ನಿಮ್ಮ ಬ್ಯಾಂಕಿಗೆ ನೀವೇ ಹೋಗಿ ಕೇಳಿ."

ಆ ಕಡೆ ಟೀವಿಯ ಸದ್ದು ನಿಂತಿತು. ಮುದುಕ ಕೇಳಿದ: "ಹಾಗಾದ್ರೆ ನನ್ನ ಪುಸ್ತಕ ಯಾರೂ ಓದಿಲ್ಲವಾ?"

ಪಾನ್ಯಾಂಗ್ ಫೋನನ್ನು ವೆಂಗಳ ಮುಖದ ಮುಂದೆ ಹಿಡಿದಳು. "ಕೇಳ್ತಿದಾನೆ. ಹೇಳು."

"ಇಲ್ಲ ಸರ್," ಎಂದಳು ವೆಂಗ್. "ನಾನು ಓದಿಲ್ಲ. ನಮ್ಮ ಆಫೀಸಿನಲ್ಲಿ ಯಾರೂ ಓದಿಲ್ಲ."

"ಒಂದು ಪ್ರತಿ ಕಳಿಸಿ," ಎಂದಳು ಪಾನ್ಯಾಂಗ್. ಮಾತು ತನಗೇ ತಿಳಿಯದಂತೆ ಬಂದಿತ್ತು. "ನಂಗೆ ಒಂದೇ ಕಣ್ಣು ಸರಿ ಕಾಣೋದು. ನಿಧಾನವಾಗಿ ಓದ್ತೀನಿ."

ಮುದುಕ ತಡೆದು ತಡೆದು ಕೇಳಿದ: "ಅದಕ್ಕೆ ನಾನು ಎಷ್ಟು ಕಟ್ಟಬೇಕು?"

ಪಾನ್ಯಾಂಗ್ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಆಮೇಲೆ ಒಂದೊಂದೇ ಮಾತಾಗಿ ಹೇಳಿದಳು, "ಏನೂ ಇಲ್ಲ. ಓದೋದಕ್ಕೆ ದುಡ್ಡು ಕೇಳಿದ್ರೆ, ಯಾರೇ ಆಗಿರಲಿ, ಫೋನ್ ಇಟ್ಟುಬಿಡಿ."

ಮಾತು ಮುಗಿಸಿ ಫೋನನ್ನು ಮೇಜಿನ ಮೇಲಿಟ್ಟಳು. ಸುಟ್ಟ ಮೀನನ್ನು ಕೆರೆದು ಬೆಕ್ಕಿಗೆ ಹಾಕಲು ಹಿತ್ತಲಿಗೆ ಹೋದಳು. ತಿರುಗಿ ಬಂದಾಗ ವೆಂಗಳ ತಟ್ಟೆಯಲ್ಲಿ ಅನ್ನ ಹಾಗೇ ಆರಿತ್ತು. ಅವಳು ಬೆನ್ನು ಮಾಡಿ ಕಿಟಕಿಯ ಹತ್ತಿರ ನಿಂತು ಯಾರೊಂದಿಗೋ ಮಾತಾಡುತ್ತಿದ್ದಳು.

"ಮಿಸೆಸ್ ಡೆಲ್ಯಾನಿ, ನಾನು ನಿಮ್ಮ ಏಜೆಂಟ್ ಅಲ್ಲ," ಎನ್ನುತ್ತಿದ್ದಳು. "ದಯವಿಟ್ಟು ಫೋನ್ ಇಡಬೇಡಿ, ಪೂರ್ತಿ ಕೇಳಿ."