ಗಾಳಿಯಾಡದ ಮನೆ

ಶ್ರೀಲತಾ ಬೇಸ್‌ಮೆಂಟಿನ ಕಿಟಕಿ ತೆಗೆಯುತ್ತಿದ್ದಳು, ನಾನು ಹೋಗಿ ಮುಚ್ಚುತ್ತಿದ್ದೆ. ಆ ವರ್ಷ ಅಕ್ಟೋಬರಿನಿಂದ ಜನವರಿವರೆಗೆ ನಮ್ಮ ಸಂಸಾರದಲ್ಲಿ ನಡೆದ ಜಗಳ ಅಂದರೆ ಇದೊಂದೇ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳು ಬಸುರಿಯಾಗಿದ್ದಳು. ಅವಳ ಬೇರೆ ಯಾವ ಮಾತನ್ನೂ ನಾನು ತೆಗೆದುಹಾಕುತ್ತಿರಲಿಲ್ಲ. ಕಿಟಕಿಯ ವಿಷಯದಲ್ಲಿ ಮಾತ್ರ ಹಟ ಹಿಡಿದೆ.

ಅದಕ್ಕೆ ಕಾರಣ ನನ್ನ ಕೆಲಸ. ಬಾಲ್ಟಿಮೋರಿಗೆ ಒಂದು ಗಂಟೆ ದಾರಿಯ ಜರ್ಮನ್‌ಟೌನಿನಲ್ಲಿ ಹೊಸ ಮನೆ ಕಟ್ಟುವ ಒಬ್ಬ ಬಿಲ್ಡರ್ ಹತ್ತಿರ ನಾನು ಮನೆಗಳ ಬಿಗಿ ಅಳೆಯುವವನು. ಮುಂಬಾಗಿಲಿಗೆ ದಪ್ಪ ಬಟ್ಟೆಯ ಪರದೆ ಬಿಗಿದು, ಅದರ ನಡುವೆ ದೊಡ್ಡ ಫ್ಯಾನ್ ಕೂರಿಸಿ, ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯಬೇಕು. ಆಗ ಎಲ್ಲೆಲ್ಲಿ ಸಂದು ಉಳಿದಿದೆಯೋ ಅಲ್ಲೆಲ್ಲ ಹೊರಗಿನ ಗಾಳಿ ಸುಯ್ಯೆಂದು ಒಳಕ್ಕೆ ನುಗ್ಗುತ್ತದೆ. ಸಂದು ಕಡಿಮೆಯಿದ್ದಷ್ಟೂ ಚಳಿಗಾಲದಲ್ಲಿ ಹೀಟು ಉಳಿಯುತ್ತದೆ, ಮನೆ ಪಾಸಾಗುತ್ತದೆ. ನಾವು ಸ್ವಂತ ಮನೆ ಕಟ್ಟಿಸಿದಾಗ ಸ್ವಿಚ್ಚುಗಳ ಹಿಂದಿನ ತೂತಿಗೂ ನಾನೇ ಕೂತು ಫೋಮ್ ತುಂಬಿದೆ. ಆ ಬಡಾವಣೆಯಲ್ಲೇ ನಮ್ಮಷ್ಟು ಬಿಗಿಯಾದ ಮನೆ ಇನ್ನೊಂದಿರಲಿಲ್ಲ. ಬಂದವರಿಗೆ ಕಾಫಿ ಕೊಡುವ ಮೊದಲು ಅದನ್ನು ಹೇಳುತ್ತಿದ್ದೆ. ಅಂಥ ಜಂಬ.

ಬಿಗಿಯಾದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಏನಾಗುತ್ತದೆ ಎಂದು ಮಾತ್ರ ಯೋಚಿಸಿರಲಿಲ್ಲ. ಮೆಣಸಿನಕಾಯಿ ಘಾಟು ಮೂರು ದಿನ ಮನೆಯಲ್ಲೇ ಸುತ್ತುತ್ತಿತ್ತು. ನನ್ನ ಕೋಟಿನಲ್ಲಿ ಇಂಗಿನ ವಾಸನೆ ಇದೆ ಎಂದು ಆಫೀಸಿನಲ್ಲಿ ಒಬ್ಬಳು ನಗುತ್ತಲೇ ಹೇಳಿದಳು. ನಾಚಿಕೆಯಾಯಿತು. ಸುತ್ತಮುತ್ತ ನಮ್ಮವರು ಮಾಡುವುದನ್ನೇ ನಾನೂ ಮಾಡಿದೆ. ಕೌಂಟಿಯ ಇನ್‌ಸ್ಪೆಕ್ಟರ್ ಮನೆ ಪಾಸು ಮಾಡಿ ಹೋದ ಮೇಲೆ, ಯಾರಿಗೂ ಹೇಳದೆ, ಬೇಸ್‌ಮೆಂಟಿನಲ್ಲಿ ಎರಡನೇ ಅಡುಗೆಮನೆ ಮಾಡಿಕೊಂಡೆ. ಹಳೆಯ ಕರೆಂಟ್ ಒಲೆ, ಒಂದು ಸಿಂಕು, ಮುಚ್ಚಿಹೋದ ಹೋಟೆಲೊಂದರಿಂದ ತಂದ ಭಾರೀ ಎಕ್ಸಾಸ್ಟ್ ಫ್ಯಾನ್. ಪಕ್ಕದಲ್ಲೇ ಮನೆಗೆಲ್ಲ ಬಿಸಿನೀರು ಕಾಯಿಸುವ ಗ್ಯಾಸಿನ ಹಂಡೆ ನಿಂತಿತ್ತು. ಅದು ಅಲ್ಲಿದೆ ಎಂಬುದನ್ನೇ ನಾನು ಮರೆತಿದ್ದೆ.

ಚಳಿ ಶುರುವಾದ ಮೇಲೆ ಶ್ರೀಲತಾಗೆ ತಲೆನೋವು ಶುರುವಾಯಿತು. ವಾಕರಿಕೆ, ಸುಸ್ತು. ಅಡುಗೆ ಮುಗಿಸಿ ಮೇಲೆ ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದಳು.

"ರೀ, ಕೆಳಗಿನ ಕಿಟಕಿ ಒಂಚೂರು ತೆಗೆದಿಡ್ತೀನಿ. ಉಸಿರು ಕಟ್ಟಿದ ಹಾಗಾಗುತ್ತೆ."

"ಹೊರಗೆ ಸ್ನೋ ಬಿದ್ದಿದೆ ಕಣೆ. ಹೀಟೆಲ್ಲಾ ವೇಸ್ಟ್ ಆಗುತ್ತೆ. ಅಷ್ಟು ದೊಡ್ಡ ಫ್ಯಾನ್ ಯಾಕೆ ಹಾಕ್ಸಿದೀನಿ? ಅದನ್ನ ಆನ್ ಮಾಡ್ಕೋ."

ಅವಳು ಆನ್ ಮಾಡಿಕೊಳ್ಳುತ್ತಿದ್ದಳು. ಡಾಕ್ಟರು ಬಸುರಿಯರಿಗೆ ಇದೆಲ್ಲ ಸಹಜ ಎಂದರು. ಹತ್ತಿರದ ಊರು ಕೊಲಂಬಿಯಾದ ವಸಂತಾ ಆಂಟಿ, ಇಲ್ಲಿ ನಮಗೆ ತಾಯಿಯ ಹಾಗೆ ಇದ್ದವರು, "ಹೊಟ್ಟೇಲಿ ಹೆಣ್ಮಗು ಇದ್ರೆ ಹಿಂಗೇ ಕಣೇ ಸತಾಯ್ಸೋದು" ಎಂದು ನಕ್ಕರು. ಶನಿವಾರ ಹೊರಗೆ ಸುತ್ತಲು ಹೋದರೆ ಶ್ರೀಲತಾ ಗೆಲುವಾಗಿರುತ್ತಿದ್ದಳು. ಅಡುಗೆ ಅಂದರೆ ಮಾತ್ರ ತಲೆನೋವು ಬರುತ್ತದೆ ನಿನಗೆ ಎಂದು ನಾನು ಛೇಡಿಸುತ್ತಿದ್ದೆ. ಈಗ ಆ ಮಾತು ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಏಳನೇ ತಿಂಗಳಲ್ಲಿ ಸೀಮಂತ ಇಟ್ಟುಕೊಂಡೆವು. ಜನವರಿಯ ಒಂದು ಭಾನುವಾರ. ನಲವತ್ತು ಜನರ ಊಟ, ಹೊರಗಿನಿಂದ ತರಿಸುವುದು ಬೇಡ, ಬಸುರಿಗೆ ಮನೆಯ ಅಡುಗೆಯೇ ಆಗಬೇಕು ಎಂದು ವಸಂತಾ ಆಂಟಿ ಮೂವರು ಹೆಂಗಸರನ್ನು ಕರೆದುಕೊಂಡು ಬೆಳಗ್ಗೆ ಏಳಕ್ಕೇ ಬಂದಿಳಿದರು. ಪುಳಿಯೋಗರೆ, ಆಂಬೊಡೆ, ಹೋಳಿಗೆ. ಒಲೆಗೆ ಬಿಡುವಿಲ್ಲ, ಫ್ಯಾನಿಗೆ ಬಿಡುವಿಲ್ಲ. ಪಾತ್ರೆ ತೊಳೆಯಲು ಬಿಸಿನೀರು ಒಂದೇ ಸಮನೆ ಹರಿಯುತ್ತಿತ್ತು. ಶ್ರೀಲತಾಳನ್ನು ಕೆಲಸಕ್ಕೆ ಬಿಡಲಿಲ್ಲ, ಆದರೆ ಹರಟೆಯೆಲ್ಲ ಕೆಳಗೇ ಇದ್ದದ್ದರಿಂದ ಅವಳೂ ಅಲ್ಲೇ ಕುರ್ಚಿ ಹಾಕಿಕೊಂಡು ಕೂತಳು.

ಹನ್ನೊಂದು ಗಂಟೆಗೆ ನಾನು ಇಳಿದು ಹೋದಾಗ ಹರಟೆ ನಿಂತಿತ್ತು. ವಸಂತಾ ಆಂಟಿ ಹಿಟ್ಟಿನ ಕೈಯಲ್ಲೇ ಹಣೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದರು. ಇನ್ನೊಬ್ಬರು ಸಿಂಕಿಗೆ ಬಾಗಿ ವಾಂತಿ ಮಾಡುತ್ತಿದ್ದರು.

"ಎಣ್ಣೆ ಘಾಟು ಕಣಪ್ಪಾ ಗೋಪಿನಾಥ. ತಲೆ ಸಿಡೀತಾ ಇದೆ" ಎಂದರು ಆಂಟಿ.

ಘಾಟು ಹೋಗಲಿ ಎಂದು ನಾನು ಫ್ಯಾನನ್ನು ಪೂರ್ತಿ ಜೋರು ಮಾಡಿದೆ. ನನ್ನ ಈ ಕೈಯಿಂದಲೇ ಮಾಡಿದೆ. ತಿರುಗಿ ನೋಡಿದರೆ ಶ್ರೀಲತಾಳ ತಲೆ ಎದೆಯ ಮೇಲೆ ವಾಲಿತ್ತು. ಕರೆದರೆ ಕಣ್ಣು ತೆರೆಯಲಿಲ್ಲ. ಎತ್ತಿಕೊಂಡು ಮೆಟ್ಟಿಲು ಹತ್ತಿದೆ, ಉಳಿದವರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹಿಂದೆ ಬಂದರು, ಯಾರೋ ಫೋನ್ ಮಾಡಿದರು.

ಫೈರ್ ಇಂಜಿನಿನವರು ಮೊದಲು ಬಂದರು. ಅವರ ಕೈಯಲ್ಲಿದ್ದ ಪುಟ್ಟ ಮೀಟರು ಹೊಸ್ತಿಲಲ್ಲೇ ಕಿರುಚಲು ಶುರುಮಾಡಿತು. ಎಲ್ಲರನ್ನೂ ಹಿಮದ ಮೇಲೆ ನಿಲ್ಲಿಸಿದರು. ಸೀಮಂತಕ್ಕೆಂದು ಆಗಷ್ಟೇ ಬಂದಿದ್ದ ರೇಷ್ಮೆ ಸೀರೆಯವರು, ಕೈತುಂಬ ಹಿಟ್ಟು ಮೆತ್ತಿಕೊಂಡವರು, ಎಲ್ಲ ಸಾಲಾಗಿ ನಿಂತರು. ಶ್ರೀಲತಾಳ ಮುಖಕ್ಕೆ ಆಕ್ಸಿಜನ್ ಕಟ್ಟಿ ಆಂಬುಲೆನ್ಸಿಗೆ ಹತ್ತಿಸುವಾಗ ಮುಖವಾಡ ತೊಟ್ಟಿದ್ದ ಒಬ್ಬ ಕೆಳಗಿನಿಂದ ಬಂದು ಕೇಳಿದ, ಆ ಫ್ಯಾನ್ ಹಾಕಿದ್ದು ಯಾರು ಎಂದು. ನಾನು ಎಂದೆ. ಬಿಸಿನೀರಿನ ಹಂಡೆಯ ಹೊಗೆ ಹೊರಗೆ ಹೋಗಬೇಕಾದ ಕೊಳವೆಯಲ್ಲಿ ವಾಪಸು ಒಳಗೆ ಬರುತ್ತಿದೆ ಎಂದ.

ಅವನು ವಿವರಿಸಬೇಕಾದ್ದೇ ಇರಲಿಲ್ಲ. ಫ್ಯಾನು ಗಾಳಿಯನ್ನು ಹೊರಕ್ಕೆ ಎಳೆದರೆ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಕ್ಕೆ ಬರಲೇಬೇಕು. ದಿನಾ ಬೆಳಗಾದರೆ ನಾನು ಮಾಡುತ್ತಿದ್ದ ಕೆಲಸವೇ ಅದು. ನಮ್ಮ ಮನೆಯಲ್ಲಿ ಸಂದೆಲ್ಲ ನಾನೇ ಮುಚ್ಚಿದ್ದೆ. ಉಳಿದಿದ್ದ ದಾರಿ ಹಂಡೆಯ ಹೊಗೆ ಕೊಳವೆಯೊಂದೇ. ಗ್ಯಾಸು ಉರಿದ ವಿಷಗಾಳಿ, ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ಅಲ್ಲಿಂದ ಇಳಿದು ಬರುತ್ತಿತ್ತು. ಟ್ರೈನಿಂಗಿನಲ್ಲಿ ಇದನ್ನು ಹೇಳಿಕೊಟ್ಟಿದ್ದರು. ಬೇರೆಯವರ ಮನೆಗಳಿಗೆ ಸಂಬಂಧಪಟ್ಟದ್ದು ಎನ್ನುವಂತೆ ಕೇಳಿಸಿಕೊಂಡಿದ್ದೆ.

ಅವಳನ್ನು ಬಾಲ್ಟಿಮೋರಿನ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಉಕ್ಕಿನ ಕೋಣೆಯೊಂದರಲ್ಲಿ ಮಲಗಿಸಿ, ದಪ್ಪ ಬಾಗಿಲು ಜಡಿದು, ಒತ್ತಡದಲ್ಲಿ ಆಕ್ಸಿಜನ್ ಕೊಟ್ಟರು. ಗುಂಡನೆಯ ಗಾಜಿನೊಳಗಿಂದ ನಾನು ನೋಡುತ್ತಾ ನಿಂತೆ. ಮಾಡುವುದಕ್ಕೆ ಏನೂ ಇರಲಿಲ್ಲ. ವಸಂತಾ ಆಂಟಿಯೂ ಉಳಿದವರೂ ಸಂಜೆಗೆ ಚೇತರಿಸಿಕೊಂಡರು ಎಂದು ಸುದ್ದಿ ಬಂತು.

ಮರುದಿನ ಡಾಕ್ಟರಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದರು. ತಾಯಿಗೆ ಅಪಾಯವಿಲ್ಲ. ಆದರೆ ಈ ವಿಷ ತಾಯಿಗಿಂತ ಮಗುವಿನ ರಕ್ತದಲ್ಲಿ ಹೆಚ್ಚು ಕೂತುಕೊಳ್ಳುತ್ತದೆ, ತಡವಾಗಿ ಬಿಟ್ಟುಹೋಗುತ್ತದೆ. ಎದೆಬಡಿತ ಚೆನ್ನಾಗಿದೆ. ಮಿದುಳಿಗೆ ಏನಾದರೂ ಆಗಿದೆಯೋ ಇಲ್ಲವೋ ಈಗ ಯಾರೂ ಹೇಳಲಾರರು. ಎಷ್ಟು ದಿನದಿಂದ ಹೀಗಿತ್ತು ಎಂದು ಕೇಳಿದರು. ಅಕ್ಟೋಬರಿನಿಂದ ಎಂದೆ. ಅವರು ಅದನ್ನು ಬರೆದುಕೊಂಡರು.

ಶ್ರೀಲತಾಗೆ ಎಲ್ಲವನ್ನೂ ಹೇಳಿದೆ, ಕಿಟಕಿಯ ಸಂಗತಿಯನ್ನೂ ಸೇರಿಸಿ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸೀಲಿಂಗು ನೋಡುತ್ತಾ ಕೇಳಿದಳು.

"ನೀವು ಮನೆ ಟೆಸ್ಟ್ ಮಾಡಿ ಪಾಸು ಫೇಲು ಅಂತ ಹೇಳ್ತೀರಲ್ಲ. ಹೊಟ್ಟೇಲಿರೋ ಇವಳಿಗೆ ಅಂಥದ್ದು ಏನೂ ಇಲ್ವಾ?"

"ಇಲ್ಲ ಕಣೆ. ಕೇಳ್ದೆ."

"ಮತ್ತೆ ಹ್ಯಾಗೆ ಗೊತ್ತಾಗೋದು?"

"ನಡೆಯೋ ಹೊತ್ತಿಗೆ, ಮಾತಾಡೋ ಹೊತ್ತಿಗೆ ನೋಡ್ಬೇಕಂತೆ. ಎರಡು ಮೂರು ವರ್ಷ ಆಗ್ಬಹುದು."

ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಮಗು ಒದೆಯಿತು. ಮತ್ತೆ ಒದೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸಂತೋಷಪಡಬೇಕೋ ಹೆದರಬೇಕೋ ನಮಗೆ ಗೊತ್ತಾಗಲಿಲ್ಲ.